ಸಾರಿನ ಖಂಡ ಬೇರೆ, ಒಣಗಿಸುವ ಖಂಡ ಬೇರೆ

ಮೊಬೈಲಿನಲ್ಲಿ ಅಮೆರಿಕದವರ ಜರ್ಕಿ ಎಂಬ ಒಣಖಂಡ ನೋಡಿದ ಹುಡುಗರು ಈಚೆಗೆ ಬೀದರ ಕಡೆಯ ನಮ್ಮ ಕಮಠಾಣದಲ್ಲೂ ಬಂದು ಕೇಳುತ್ತಾರೆ: “ದೊಡ್ಡವ್ವ, ಮಸಾಲಿ ಯಾವುದು ಹಾಕಬೇಕು?” ಖಂಡ ಯಾವುದು ತರಬೇಕು ಎಂದು ಕೇಳಿದವರು ಕಡಿಮೆ. ಮಸಾಲೆಯಲ್ಲಿ ಎಡವಟ್ಟಾದರೆ ರುಚಿ ಕೆಡುತ್ತದೆ, ಅಷ್ಟೇ. ಖಂಡದಲ್ಲಿ ಎಡವಟ್ಟಾದರೆ ಡಬ್ಬಿ ಪೂರ್ತಿ ತಿಪ್ಪೆಗೆ ಹೋಗುತ್ತದೆ, ಇಲ್ಲವೇ ತಿಂದವರು ದವಾಖಾನೆಗೆ ಹೋಗುತ್ತಾರೆ.

ನಮಗೆ ಇದು ಹೊಸ ತಿನಿಸಲ್ಲ. ಬಕ್ರೀದಿನ ಮರುದಿನ ಮುಸಲ್ಮಾನರ ಮಾಳಿಗೆಗಳ ಮೇಲೆ, ಬೇಸಿಗೆಯಲ್ಲಿ ನಮ್ಮ ಕೇರಿಯ ಅಂಗಳಗಳಲ್ಲಿ, ಹಗ್ಗದ ಮೇಲೆ ಒಣಖಂಡ ತೂಗುತ್ತಿತ್ತು. ಮರಾಠವಾಡದವರು ಚಾನ್ಯಾ ಅನ್ನುತ್ತಾರೆ, ತೆಲಂಗಾಣದವರು ಒಟ್ಟಿ ತುನಕಲು. ಉಸ್ಮಾನಾಬಾದ (ಈಗಿನ ಧಾರಾಶಿವ) ಸೀಮೆಯ ಶಾಹೂ ಪಾಟೋಳೆ ಅವರು 2015ರಲ್ಲಿ ತಂದ ‘ಅನ್ನ ಹೇ ಅಪೂರ್ಣಬ್ರಹ್ಮ’ ಎಂಬ ಮರಾಠಿ ಪುಸ್ತಕದಲ್ಲಿ ದಲಿತರ ಅಡುಗೆಮನೆಯ ಸಂಗತಿ ವಿವರವಾಗಿದೆ. ಭಾಲ್ಕಿ, ಔರಾದದ ಕೇರಿಗಳಲ್ಲಿ ಬೆಳೆದವರು ಅದನ್ನು ಓದಿದರೆ ತಮ್ಮ ಮನೆಯ ಒಲೆಯನ್ನೇ ಕಂಡಾರು.

ಆಗಿನವರಿಗೂ ನಮಗೂ ಒಂದು ಫರಕು ಇದೆ. ಅವರು ಸಿಕ್ಕಿದ್ದನ್ನು ಒಣಗಿಸಿದರು. ನಾವು ದುಡ್ಡು ಕೊಟ್ಟು ಆರಿಸಿ ತರುತ್ತೇವೆ. ಆದರೆ ಆರಿಸುವಾಗ ಸಾರಿಗೆ ಆರಿಸಿದ ಹಾಗೆಯೇ ಆರಿಸುತ್ತೇವೆ: ಎಳೆಯದು, ಕೊಬ್ಬಿದ್ದದ್ದು, ಎಲುಬಿದ್ದದ್ದು. ಒಣಗಿಸುವುದಕ್ಕೆ ಈ ಮೂರೂ ಆಗಿಬರುವುದಿಲ್ಲ.

1. ಪ್ರಾಣಿ ಹೇಗೆ ಸತ್ತಿತು ಎಂದು ಗೊತ್ತಿಲ್ಲದಿದ್ದರೆ ಮಾಂಸ ಮುಟ್ಟಬೇಡಿ

ನಮ್ಮ ಅಜ್ಜಿಯ ಕಾಲದಲ್ಲಿ ಊರಿನ ದನ ಸತ್ತರೆ ಹೊತ್ತು ಹಾಕುವುದು ಕೇರಿಯವರ ಪಾಲಿನ ಬಿಟ್ಟಿ ಚಾಕರಿ. ಚರ್ಮ, ಮಾಂಸವೇ ಕೂಲಿ. ಒಂದು ದಿನಕ್ಕೆ ತಿಂದು ತೀರದಷ್ಟು ಖಂಡ ಒಮ್ಮೆಲೇ ಬರುತ್ತಿತ್ತು, ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಒಣಗಿಸುವ ಜಾಣತನ ಹುಟ್ಟಿದ್ದು ಆ ಹಸಿವಿನಲ್ಲಿ. 1927ರ ಮಾರ್ಚ್‌ನಲ್ಲಿ ಮಹಾಡದ ಪರಿಷತ್ತಿನಲ್ಲಿ ಬಾಬಾಸಾಹೇಬ ಅಂಬೇಡ್ಕರರು ಸತ್ತ ದನದ ಮಾಂಸ ಬಿಡಿ ಎಂದು ಕರೆಕೊಟ್ಟರು. ಅವರು ಹೇಳಿದ್ದು ಮಾನದ ಮಾತು. ಪಶುವೈದ್ಯರನ್ನು ಕೇಳಿದರೆ ಅದು ಜೀವದ ಮಾತೂ ಹೌದು ಅನ್ನುತ್ತಾರೆ.

ಆಂಥ್ರಾಕ್ಸ್ ಬಂದ ದನ, ಕುರಿ, ಆಡು ನಿಂತಲ್ಲೇ ದಿಢೀರನೆ ಬಿದ್ದು ಸಾಯುತ್ತವೆ. ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಬಹುದು. ಅದನ್ನು ಕೊಯ್ದರೆ ರೋಗಾಣು ಗಾಳಿಗೆ ತೆರೆದುಕೊಂಡು ಗಟ್ಟಿ ಬೀಜಾಣು ಕಟ್ಟಿಕೊಳ್ಳುತ್ತದೆ. ಆ ಬೀಜಾಣು ಉಪ್ಪಿಗೂ ಬಗ್ಗುವುದಿಲ್ಲ, ಬಿಸಿಲಿಗೂ ಬಗ್ಗುವುದಿಲ್ಲ, ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತದೆ. “ಒಣಗಿಸಿದರೆ ಎಲ್ಲಾ ಸಾಯ್ತದ” ಎನ್ನುವುದು ನಮ್ಮ ಕಡೆ ಈಗಲೂ ಕೇಳಿಬರುವ ಸುಳ್ಳು. ಒಣಗಿಸಿದರೆ ಬಹುತೇಕ ರೋಗಾಣುಗಳು ಬೆಳೆಯುವುದು ನಿಲ್ಲುತ್ತದೆ. ನಿಂತದ್ದೆಲ್ಲ ಸತ್ತಿತು ಎಂದಲ್ಲ. ಆಡು ಬೆಳಿಗ್ಗೆ ಸತ್ತು ಬಿದ್ದಿತ್ತು, ಅಗ್ಗಕ್ಕೆ ಕೊಡುತ್ತೇನೆ ಎಂದರೆ ಕೈಮುಗಿದು ಬನ್ನಿ. ಕೊಯ್ಯಬೇಡಿ ಎಂದು ಅವರಿಗೂ ಹೇಳಿ, ಪಶು ಆಸ್ಪತ್ರೆಗೆ ತಿಳಿಸಿ.

2. ಕೊಬ್ಬು ಕಂಡರೆ ಬಿಡಿ

ಬಿಸಿಲು, ಉಪ್ಪು ನೀರನ್ನು ತೆಗೆಯುತ್ತವೆ. ಕೊಬ್ಬನ್ನು ತೆಗೆಯುವುದಿಲ್ಲ. ಖಂಡ ಒಣಗಿ ಕಡ್ಡಿಯಾದ ಮೇಲೂ ಅಂಚಿನ ಕೊಬ್ಬು ಹಾಗೇ ಉಳಿದು, ಗಾಳಿ ಬೆಳಕಿಗೆ ಕಮಟು ಹಿಡಿಯುತ್ತದೆ. ಒಂದು ತುಂಡಿನ ಕಮಟು ಇಡೀ ಡಬ್ಬಿಗೆ ಹರಡುತ್ತದೆ.

ಹೊರಗಿನ ಕೊಬ್ಬನ್ನು ಚಾಕುವಿನಿಂದ ತೆಗೆಯಬಹುದು. ನಾರುಗಳ ನಡುವೆ ಎಳೆಎಳೆಯಾಗಿ ಸೇರಿರುವ ಕೊಬ್ಬನ್ನು ಯಾರೂ ತೆಗೆಯಲಾರರು. ಆದ್ದರಿಂದ ಆರಿಸುವ ಕೆಲಸ ಅಂಗಡಿಯಲ್ಲೇ ಮುಗಿಯಬೇಕು. ಬೀದರ ಕಡೆಯ ಕಸಾಯಿಗಳ ಮಾತಿನಲ್ಲೇ ಹೇಳುತ್ತೇನೆ: ಎದೆಯ ಸೀನಾ ಬೇಡ, ಪಕ್ಕೆಯ ಚಾಪ್ ಬೇಡ, ಕತ್ತಿನ ಗರ್ದನ್ ಬೇಡ. ಸಾರಿಗೂ ಬಿರ್ಯಾನಿಗೂ ಜನ ಜಗಳಾಡಿ ಒಯ್ಯುವ ತುಂಡುಗಳು ಇವು, ಒಯ್ಯಲಿ. ನಮಗೆ ಬೇಕಾದದ್ದು ರಾನ್, ಅಂದರೆ ಹಿಂದೊಡೆ. ಅದರ ನಂತರ ಪುಠ್, ಬೆನ್ನಿನ ಉದ್ದಕ್ಕೂ ಇರುವ ಖಂಡ. ದಸ್ತ್, ಅಂದರೆ ಮುಂಗಾಲಿನ ಭುಜ, ಮೂರನೆಯದು. ಅದರಲ್ಲಿ ಪೊರೆ, ನರ ಹೆಚ್ಚು, ಬಿಡಿಸುತ್ತಾ ಕುಳಿತರೆ ಅರ್ಧ ದಿನ.

ತಾಜಾ ಕೊಬ್ಬಿನ ತುಂಡು ಕೆಂಡದ ಮೇಲೆ ಸುಟ್ಟರೆ ಅದರ ರುಚಿಗೆ ಸಾಟಿ ಇಲ್ಲ, ನಾನೂ ಒಪ್ಪುತ್ತೇನೆ. ಅದನ್ನು ಅವತ್ತೇ ತಿನ್ನಿ.

3. ಆಡು ಮೊದಲು, ಕುರಿ ಆಮೇಲೆ

ನಮ್ಮ ಕಡೆಯ ಕಪ್ಪು ಆಡು ಉಸ್ಮಾನಾಬಾದಿ ತಳಿ. ತವರು ಪಕ್ಕದ ಧಾರಾಶಿವ, ಲಾತೂರ ಸೀಮೆ. ಬೀದರಿನ ಹೊಲಬದುಗಳಲ್ಲೂ ಅದೇ. ಆಡಿನ ಮೈಕಟ್ಟು ಒಣಗಿಸುವವರಿಗೆ ಅನುಕೂಲ. ಅದು ಕೊಬ್ಬನ್ನು ಹೆಚ್ಚಾಗಿ ಹೊಟ್ಟೆಯೊಳಗೆ, ಮೂತ್ರಪಿಂಡ ಮತ್ತು ಕರುಳಿನ ಸುತ್ತ ಕೂಡಿಡುತ್ತದೆ. ತೊಡೆಯ ಖಂಡ ಸೊರಗಿದಂತೆ ಕೆಂಪಗೆ ಇರುತ್ತದೆ. ಕುರಿಗೆ ಚರ್ಮದ ಕೆಳಗೇ ಕೊಬ್ಬಿನ ಹೊದಿಕೆ, ನಾರಿನ ನಡುವೆಯೂ ಅಷ್ಟಿಷ್ಟು. ಕುರಿಯ ಆ ವಿಶಿಷ್ಟ ವಾಸನೆ ಬರುವುದೂ ಮುಖ್ಯವಾಗಿ ಕೊಬ್ಬಿನಿಂದ, ಒಣಗಿದರೆ ಅದು ಇನ್ನೂ ಗಟ್ಟಿಯಾಗುತ್ತದೆ. ದಖ್ಖನಿ ಕುರಿಯ ಕರಿ ಕಂಬಳಿಯಷ್ಟೇ ನನಗೆ ಇಷ್ಟ, ಒಣಖಂಡ ಬೇಡ. ಕುರಿಯೇ ಸಿಕ್ಕಿದರೆ ಬೇಸಿಗೆಯಲ್ಲಿ ಮೇವಿಲ್ಲದೆ ಬಡಕಲಾದದ್ದನ್ನು ನೋಡಿ ತನ್ನಿ.

ವಯಸ್ಸಿನ ಲೆಕ್ಕವೂ ಇಲ್ಲಿ ತಿರುವುಮುರುವು. ಎಳೆ ಮರಿಯ ಖಂಡದಲ್ಲಿ ನೀರು ಹೆಚ್ಚು, ಬಣ್ಣ ಪೇಲವ, ಒಣಗಿದರೆ ಕಾಗದದ ತೆಳುವಿಗೆ ಇಳಿಯುತ್ತದೆ. ಬಲಿತ ಆಡಿನ ಖಂಡ ಕೆಂಪು, ನಾರು ದಪ್ಪ, ರುಚಿ ಗಾಢ. ಬಿರುಸು ಅಂತ ಜನ ಬಿಟ್ಟುಹೋಗುತ್ತಾರೆ. ಹೇಗೂ ತೆಳ್ಳಗೆ ಸೀಳುತ್ತೇವೆ, ಆಮೇಲೆ ಕುಟ್ಟುತ್ತೇವೆ, ಬಿರುಸಾದರೆ ನಮಗೇನು? ಬೀಜ ಒಡೆಯದ ಬಲಿತ ಹೋತ ಮಾತ್ರ ಬೇಡ. ಅದರ ಗಬ್ಬು ಒಣಗಿದ ಮೇಲೂ ಹೋಗುವುದಿಲ್ಲ. ಖಸ್ಸಿ ಮಾಡಿದ್ದರಲ್ಲಿ ಆ ಗಬ್ಬಿಲ್ಲ, ಕೊಬ್ಬು ತುಸು ಜಾಸ್ತಿ. ಮುದಿ ಹೆಣ್ಣಾಡು ಸಿಕ್ಕರೆ ನಾನು ಅದನ್ನೇ ಆರಿಸುವುದು.

4. ಎಮ್ಮೆ, ಕೋಣ: ಗುಣಕ್ಕೆ ಮೊದಲನೆಯದು, ಕಾಗದಪತ್ರ ಇದ್ದರೆ ಮಾತ್ರ

ಗುಣ ನೋಡಿದರೆ ಒಣಗಿಸುವುದಕ್ಕೆ ಎಮ್ಮೆ ಖಂಡದಷ್ಟು ಒಳ್ಳೆಯದು ಇನ್ನೊಂದಿಲ್ಲ. ನಾರು ಉದ್ದ, ಒಳಕೊಬ್ಬು ಕಡಿಮೆ, ಬಣ್ಣ ಕಡುಗೆಂಪು. ಎಮ್ಮೆಯ ಕೊಬ್ಬು ಹಾಲಿನಂತೆ ಬೆಳ್ಳಗಿರುವುದರಿಂದ ಕಡುಗೆಂಪು ಖಂಡದ ಮೇಲೆ ಕಣ್ಣಿಗೆ ಹೊಡೆದು ಕಾಣುತ್ತದೆ, ಬಿಡಿಸುವುದು ಸುಲಭ. ನೇಪಾಳದವರು ಸುಕುಟಿ ಎಂಬ ಒಣಖಂಡ ಮಾಡುವುದು ಹೆಚ್ಚಾಗಿ ಎಮ್ಮೆ ಖಂಡದಲ್ಲೇ. ದಕ್ಷಿಣ ಆಫ್ರಿಕಾದ ಒಣಖಂಡವಾದ ಬಿಲ್ಟಾಂಗಿಗೂ ಹಿಂದೊಡೆಯ ಇಂಥದೇ ಕೊಬ್ಬಿಲ್ಲದ ದೊಡ್ಡ ಸ್ನಾಯುಗಳನ್ನು ಆರಿಸುತ್ತಾರೆ.

ಕಾನೂನು ತಿಳಿದಿರಬೇಕು. ಕರ್ನಾಟಕದ 2020ರ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ 2021ರ ಜನವರಿಯಿಂದ ಜಾರಿಯಲ್ಲಿದೆ. ಅದರಂತೆ ಆಕಳು, ಕರು, ಹೋರಿ, ಎತ್ತು ಯಾವ ವಯಸ್ಸಿನದ್ದಾದರೂ ಕಡಿಯುವಂತಿಲ್ಲ. ಎಮ್ಮೆ, ಕೋಣಕ್ಕೆ 13 ವರ್ಷ ದಾಟಿರಬೇಕು, ಅಧಿಕಾರಿಯ ಪ್ರಮಾಣಪತ್ರ ಇರಬೇಕು. ಗಡಿಯಾಚೆ ಮಹಾರಾಷ್ಟ್ರ, ತೆಲಂಗಾಣದ ಕಾನೂನು ಬೇರೆ ಬೇರೆ. ಔರಾದದವರು ಆ ಕಡೆ ನೆಂಟರಿದ್ದಾರೆ ಎಂದು ಚೀಲದಲ್ಲಿ ಹಾಕಿಕೊಂಡು ಬರುವ ಮೊದಲು ಯೋಚಿಸಲಿ. ಪತ್ರವಿರುವ ಅಂಗಡಿಯಲ್ಲಿ ಸಿಕ್ಕರೆ ತನ್ನಿ, ಸಿಗದಿದ್ದರೆ ಮೂರನೆಯ ಪಾಠಕ್ಕೆ ಹಿಂದಿರುಗಿ.

ಹದಿಮೂರು ದಾಟಿದ ಎಮ್ಮೆ ಸಾರಿಗೆ ಕಲ್ಲು. ಒಣಗಿಸುವವರಿಗೆ ಅದೇನೂ ತೊಡಕಲ್ಲ.

5. ಗಡ್ಡೆಯಾಗಿ ತನ್ನಿ, ಬೋಟಿ ಮಾಡಿಸಬೇಡಿ

ಅಂಗಡಿಯಲ್ಲಿ ಸಂಭಾಷಣೆ ಹೀಗೆ ನಡೆಯುತ್ತದೆ.

“ಎಷ್ಟು ಕೊಡ್ಲಿ ಅಕ್ಕಾ? ಬೋಟಿ ಸಣ್ಣದು ಮಾಡ್ಲ್ಯಾ?”

“ಕಡೀಬ್ಯಾಡ್ರಿ ಭಾಯಿ. ರಾನ್ ಎಲುಬು ಬಿಡಿಸಿ ಗಡ್ಡಿಗಡ್ಡೀನೇ ಕೊಡ್ರಿ.”

“ಎಲುಬು ಬಿಟ್ರ ರೇಟ್ ಬ್ಯಾರೆ ಆಗ್ತದ.”

“ಎಲುಬೂ ಹಾಕ್ರಿ, ಬ್ಯಾರೆ ಚೀಲದಾಗ.”

ಇಷ್ಟು ಹೇಳುವ ಮೊದಲೇ ಅವರ ಕತ್ತಿ ಎರಡು ಏಟು ಹಾಕಿರುತ್ತದೆ, ಆದ್ದರಿಂದ ತೂಕಕ್ಕೆ ಮುಂಚೆಯೇ ಹೇಳಿ. ಎಲುಬಿನ ಸಮೇತ ಕಡಿದರೆ ಚೂರುಗಳು ಖಂಡದಲ್ಲಿ ಸೇರುತ್ತವೆ, ಮಜ್ಜೆ ಸವರಿಕೊಳ್ಳುತ್ತದೆ. ಮಜ್ಜೆಯೂ ಕೊಬ್ಬೇ.

ಹಿಂದೊಡೆಯನ್ನು ಎಲುಬಿನಿಂದ ಬಿಡಿಸಿದಾಗ ಅದು ಒಂದೇ ಮುದ್ದೆಯಲ್ಲ. ಬೆರಳಿನಿಂದಲೇ ಬೇರ್ಪಡುವ ನಾಲ್ಕೈದು ಸ್ನಾಯುಗಳು, ನಡುವೆ ಬಿಳಿ ಪೊರೆ. ಒಂದೊಂದನ್ನೂ ಬಿಡಿಸಿಟ್ಟುಕೊಳ್ಳಿ. ಮಛಲಿ ಎಂದು ಕಸಾಯಿಗಳು ಕರೆಯುವ ಮೀನಿನಾಕಾರದ ನುಣುಪು ತುಂಡು ಸಾರಿಗೆ ಮುದ್ದಿನದು, ಆದರೆ ಗಾತ್ರ ಚಿಕ್ಕದು. ತೊಡೆಯ ಹೊರಮೈಯ ದೊಡ್ಡ ಸ್ನಾಯುಗಳಲ್ಲೇ ಗೇಣುದ್ದದ ಪಟ್ಟಿ ಬರುವುದು. ಒಂದು ತುಂಡಿನಲ್ಲಿ ನಾರು ಎಲ್ಲವೂ ಒಂದೇ ದಿಕ್ಕಿಗೆ ಓಡಬೇಕು. ಎರಡು ಸ್ನಾಯು ಸೇರಿದ ತುಂಡನ್ನು ಹಾಗೇ ಸೀಳಿದರೆ ಒಂದು ಭಾಗ ಬೇಗ ಒಣಗಿ, ಇನ್ನೊಂದು ಹಸಿಯಾಗಿ ಉಳಿಯುತ್ತದೆ, ಪೊರೆ ಸುರುಟಿ ನಡುವೆ ತೇವ ಕಟ್ಟುತ್ತದೆ. ಹುಳ ಬೀಳುವುದು ಅಲ್ಲಿಂದಲೇ.

ಹಗ್ಗದ ಮೇಲೆ ತೂಗುಹಾಕುವ ಪಟ್ಟಿಯನ್ನು ನಾರಿನ ಗುಂಟ ಸೀಳಬೇಕು, ಇಲ್ಲದಿದ್ದರೆ ತನ್ನ ಭಾರಕ್ಕೆ ತಾನೇ ಹರಿದು ಬೀಳುತ್ತದೆ. ಹಾಗೇ ಜಗಿದು ತಿನ್ನುವ ಜರ್ಕಿಗಾದರೆ ನಾರಿಗೆ ಅಡ್ಡ ಕೊಯ್ದು ತಟ್ಟೆಯ ಮೇಲೆ ಹರಡಿ. ದಪ್ಪ ಎರಡಕ್ಕೂ ಅರ್ಧ ಸೆಂಟಿಮೀಟರ್. ಫ್ರಿಜ್ ಇದ್ದವರು ಗಡ್ಡೆಯನ್ನು ಬರ್ಫ ಪೆಟ್ಟಿಗೆಯಲ್ಲಿ ಒಂದು ತಾಸು ಇಟ್ಟು ಅರೆಗಟ್ಟಿ ಮಾಡಿಕೊಂಡರೆ ಚಾಕು ಜಾರುವುದಿಲ್ಲ.

6. ಸುಸ್ತಾದ ಪ್ರಾಣಿಯ ಖಂಡ ಬೇಗ ಕೆಡುತ್ತದೆ

ಇದನ್ನು ಜನ ನಂಬುವುದೇ ಇಲ್ಲ. ಸಂತೆಯಿಂದ ಟೆಂಪೋದಲ್ಲಿ ತುರುಕಿ ತಂದ, ಇಡೀ ದಿನ ನೀರು ಮೇವು ಕಾಣದ ಆಡನ್ನು ಇಳಿಸಿದ ಕೂಡಲೇ ಕಡಿದರೆ ಖಂಡ ಕಪ್ಪಗೆ, ಗಟ್ಟಿಯಾಗಿ, ಮುಟ್ಟಿದರೆ ಅಂಟಂಟಾಗಿರುತ್ತದೆ. ಕಾರಣ ಸರಳ. ಆರಾಮಾಗಿದ್ದ ಪ್ರಾಣಿಯ ಸ್ನಾಯುವಿನಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ. ಸತ್ತ ಮೇಲೆ ಅದು ಆಮ್ಲವಾಗಿ ತಿರುಗಿ ಖಂಡದ ಪಿಎಚ್ ಏಳರ ಹತ್ತಿರದಿಂದ ಐದೂವರೆಯ ಆಸುಪಾಸಿಗೆ ಇಳಿಯುತ್ತದೆ. ಆ ಹುಳಿಯೇ ರೋಗಾಣುಗಳಿಗೆ ಮೊದಲ ತಡೆ. ದಣಿದ, ಹೆದರಿದ ಪ್ರಾಣಿ ಆ ದಾಸ್ತಾನನ್ನು ಬದುಕಿದ್ದಾಗಲೇ ಸುಟ್ಟುಕೊಂಡಿರುತ್ತದೆ. ಪಿಎಚ್ ಆರರ ಮೇಲೇ ನಿಲ್ಲುತ್ತದೆ, ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ನಿಧಾನವಾಗಿ ಒಣಗುತ್ತದೆ, ಬೇಗ ನಾರುತ್ತದೆ.

ಆಡನ್ನು ಹಿಂದಿನ ರಾತ್ರಿಯೇ ಅಂಗಡಿಯ ಹಿಂದೆ ಕಟ್ಟಿ, ನೀರು ಕುಡಿಸಿ, ಬೆಳಿಗ್ಗೆ ಕಡಿಯುವವರನ್ನು ಹುಡುಕಿ. ಕೊಯ್ದ ಮೈಯಿಂದ ರಕ್ತ ಪೂರ್ತಿ ಇಳಿದಿರಬೇಕು. ಪಟ್ಟಿ ಮಾಡುವ ಖಂಡವನ್ನು ನೀರಿನಲ್ಲಿ ನೆನೆಸಿಡಬೇಡಿ. ತೊಳೆಯುವುದಿದ್ದರೆ ಗಡ್ಡೆಯಲ್ಲೇ ಬೇಗ ತೊಳೆದು ಬಟ್ಟೆಯಿಂದ ಒರೆಸಿ.

7. ಕೋಳಿ, ಹಂದಿ, ಖೀಮಾ, ಬೇಟೆ

ಕೋಳಿಯ ಎದೆಖಂಡದಲ್ಲಿ ಕೊಬ್ಬಿಲ್ಲ, ಕೊಯ್ಯುವುದು ಸುಲಭ, ಹುಡುಗರಿಗೆ ಅದೇ ಬೇಕು. ಆದರೆ ಬರಿ ಬಿಸಿಲಿನಲ್ಲಿ ಕೋಳಿ ಒಣಗಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಸಾಲ್ಮೊನೆಲ್ಲಾ ಎಂಬ ರೋಗಾಣು ಅದರ ಹುಟ್ಟುಗೆಳೆಯ. ಬೇಯಿಸಿ, ಓವನ್ನಿನಲ್ಲಿ ಒಣಗಿಸುವುದಾದರೆ ಮಾಡಿ. ಬ್ರಾಯ್ಲರಿಗಿಂತ ಜವಾರಿ ಕೋಳಿಯದ್ದಕ್ಕೆ ಹೆಚ್ಚು ರುಚಿ.

ಹಂದಿಯಲ್ಲಿ ಕೊಬ್ಬು ಜಾಸ್ತಿ. ಲಾಡಿಹುಳುವಿನ ಕೋಶ ಉಪ್ಪು ಬಿಸಿಲಿಗೆ ಸಾಯುತ್ತದೆ ಎಂದು ನೆಚ್ಚಿಕೊಳ್ಳಲಾಗದು. ಕೊಡಗಿನವರು ಹಂದಿಯನ್ನು ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸುತ್ತಿದ್ದರು. ಆ ಮಳೆಯ ನಾಡಿನ ಬೇರೆ ವಿದ್ಯೆ ಅದು, ನಮ್ಮ ಬಿಸಿಲಿಗೆ ಹೊಂದುವುದಿಲ್ಲ.

ಖೀಮಾದಿಂದ ಮಾಡಬೇಡಿ. ಇಡೀ ತುಂಡಿನಲ್ಲಿ ರೋಗಾಣು ಮೇಲ್ಮೈಯಲ್ಲಿರುತ್ತದೆ, ಖೀಮಾ ಮಾಡಿದರೆ ಒಳಗೆಲ್ಲ ಕಲಸಿದಂತೆ. ಕಲಿಜಾ (ಯಕೃತ್ತು), ಗುರ್ದಾ (ಮೂತ್ರಪಿಂಡ) ಬೇಡ, ಹೃದಯ ಆದೀತು. ಅದು ಕೊಬ್ಬಿಲ್ಲದ ಗಟ್ಟಿ ಸ್ನಾಯು, ಮೇಲಿನ ಬಿಳಿ ಟೋಪಿ ತೆಗೆದುಬಿಡಿ.

ಬೀದರ ಬಯಲಿನಲ್ಲಿ ಕೃಷ್ಣಮೃಗಗಳಿವೆ. ಅವನ್ನು ಮುಟ್ಟುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜೈಲಿನ ಅಪರಾಧ. ಹಳಬರು ಚಿಗರಿಯ ಒಣಖಂಡದ ರುಚಿ ಹೊಗಳುವಾಗ ಕೇಳಿಸಿಕೊಳ್ಳಿ, ಎದ್ದು ಬನ್ನಿ.

8. ಒಂದು ಕಿಲೋ ತಂದರೆ ಮೂರನೇ ಒಂದು ಪಾಲು ಉಳಿಯುತ್ತದೆ

ಕೊಬ್ಬಿಲ್ಲದ ಖಂಡದಲ್ಲಿ ನೂರಕ್ಕೆ ಎಪ್ಪತ್ತೈದು ಪಾಲು ನೀರೇ. ಬಿಡಿಸಿದ ಶುದ್ಧ ಖಂಡ ಒಂದು ಕಿಲೋ ಒಣಗಿದರೆ ಮುನ್ನೂರು, ಮುನ್ನೂರೈವತ್ತು ಗ್ರಾಂ. ಎಲುಬಿನ ಸಮೇತ ತಂದದ್ದಾದರೆ ಲೆಕ್ಕ ಇನ್ನೂ ಇಳಿಯುತ್ತದೆ. ಹೀಗಾಗಿ ಇದು ಅಗ್ಗದ ತಿನಿಸಲ್ಲ.

ಉಪ್ಪಿನ ಲೆಕ್ಕವೂ ಇದಕ್ಕೇ ಕಟ್ಟಿಕೊಂಡಿದೆ. ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಕಿಲೋಗೆ 25 ಗ್ರಾಂ ಹಾಕಿದರೆ ಹಸಿಯಿದ್ದಾಗ ಸಪ್ಪೆ ಅನ್ನಿಸುತ್ತದೆ, ಒಣಗಿದ ಮೇಲೆ ನೂರಕ್ಕೆ ಏಳು ಪಾಲು ಉಪ್ಪಾಗಿರುತ್ತದೆ. ಬಾಯಿಗೆ ಹಿಡಿಸುವಷ್ಟು ಮೊದಲೇ ಹಾಕಿದವರ ಒಣಖಂಡ ನಾಲಿಗೆ ಸುಡುತ್ತದೆ. ಅರಿಶಿನ, ಖಾರ, ಜಜ್ಜಿದ ಬೆಳ್ಳುಳ್ಳಿ ಮನೆಮನೆಯ ಇಷ್ಟ.

9. ಆಕಾಶ ನೋಡಿ ಅಂಗಡಿಗೆ ಹೋಗಿ

ಬೀದರ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ಕೆಂಪುಕಲ್ಲಿನ ದಿಬ್ಬ. ಮಾರ್ಚ್‌ನಿಂದ ಮೇವರೆಗೆ ಗಾಳಿಯಲ್ಲಿ ಪಸೆಯೇ ಇರುವುದಿಲ್ಲ, ತೆಳು ಪಟ್ಟಿ ಎರಡು ಮೂರು ಬಿಸಿಲಿಗೆ ಮುಗಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಬಿಸಿಲು ಮೆತ್ತಗೆ, ಗಾಳಿ ಒಣ, ನೊಣ ಕಡಿಮೆ. ಎಮ್ಮೆ ಖಂಡದ ಪಟ್ಟಿಗೆ ಆಗಲೇ ಸರಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಸಿಲನ್ನು ನಂಬಬೇಡಿ.

ಬಕ್ರೀದ್ ಚಾಂದ್ರಮಾನದ ಹಬ್ಬ, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2016ರಲ್ಲಿ ಸೆಪ್ಟೆಂಬರ್ 13, 2018ರಲ್ಲಿ ಆಗಸ್ಟ್ 22, 2020ರಲ್ಲಿ ಆಗಸ್ಟ್ 1, ಎಲ್ಲವೂ ಮಳೆಯಲ್ಲಿ. ಒಂದು ತಲೆಮಾರಿನ ಹುಡುಗಿಯರು ಹಬ್ಬದ ಖಂಡವನ್ನು ಫ್ರೀಜರಿಗೆ ತುಂಬುವುದನ್ನಷ್ಟೇ ನೋಡಿ ಬೆಳೆದರು. 2023ರಲ್ಲಿ ಜೂನ್ 29, 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ಇನ್ನು ಮುಂದೆ ಕೆಲವು ವರ್ಷ ಹಬ್ಬ ಬೇಸಿಗೆಯ ಒಳಗೇ ಬೀಳುತ್ತದೆ. ಮಾಳಿಗೆಯ ಮೇಲೆ ಮತ್ತೆ ಹಗ್ಗ ಕಟ್ಟುವ ಕಾಲ ಬಂದಿದೆ, ಅಜ್ಜಿಯಂದಿರು ಇರುವಾಗಲೇ ಕೇಳಿಕೊಳ್ಳಿ.

ಬಿಸಿಲೆಷ್ಟೇ ಇರಲಿ, ನಲವತ್ತು ಡಿಗ್ರಿ ಖಂಡವನ್ನು ಬೇಯಿಸುವುದಿಲ್ಲ. ಅಮೆರಿಕದ ಕೃಷಿ ಇಲಾಖೆ ಜರ್ಕಿ ಮಾಡುವವರಿಗೆ ಹೇಳುವುದು, ಒಣಗಿಸುವ ಮೊದಲೇ ಖಂಡದ ಒಳಗಿನ ಶಾಖ 71 ಡಿಗ್ರಿ ಸೆಲ್ಸಿಯಸ್, ಕೋಳಿಯದ್ದು 74 ಮುಟ್ಟಬೇಕು ಎಂದು. ಒಮ್ಮೆ ಒಣಗಿದ ರೋಗಾಣು ಶಾಖಕ್ಕೆ ಇನ್ನಷ್ಟು ಜಗ್ಗದಂತಾಗುತ್ತದೆ, ಅದಕ್ಕೇ ಮೊದಲು. ನಾನು ಉಪ್ಪು ಅರಿಶಿನದ ನೀರು ಕುದಿಸಿ, ಪಟ್ಟಿಗಳನ್ನು ಸ್ವಲ್ಪಸ್ವಲ್ಪವೇ ಹಾಕಿ, ಒಳಗಿನ ಕೆಂಪು ಹೋಗುವವರೆಗೆ ಕುದಿಸಿ ತೆಗೆದು, ನೀರು ಆರಿಸಿ ಬಿಸಿಲಿಗೆ ಹಾಕುವುದು. ಮೇಲೆ ಮಲ್ಲಿನ ಬಟ್ಟೆ, ಹೊತ್ತು ಮುಳುಗಿದರೆ ಒಳಗೆ.

10. ಡಬ್ಬಿಗೆ ಹಾಕುವ ಮೊದಲು, ಹಾಕಿದ ಮೇಲೆ

ಒಣಗಿದ ಪಟ್ಟಿ ಬಗ್ಗಿಸಿದರೆ ಬಿರುಕು ಬಿಡಬೇಕು, ಎರಡಾಗಿ ಮುರಿಯಬಾರದು. ಬಿರುಕಿನಲ್ಲಿ ಬಿಳಿ ನಾರು ಕಾಣಬೇಕು. ಬೆರಳಿಂದ ಒತ್ತಿದಾಗ ಮೆತ್ತಗೆನಿಸಿದರೆ ಇನ್ನೊಂದು ಬಿಸಿಲು. ಆಡಿನದ್ದು, ಎಮ್ಮೆಯದ್ದು ಬೇರೆ ಬೇರೆ ಗಾಜಿನ ಭರಣಿಯಲ್ಲಿಟ್ಟು ತಾರೀಕು ಅಂಟಿಸಿ. ಮನೆಯಲ್ಲಿ ಒಣಗಿಸಿದ್ದು ಹೊರಗೆ ಒಂದೆರಡು ತಿಂಗಳು ಬಾಳುತ್ತದೆ, ಆಮೇಲೆ ಫ್ರಿಜ್ಜಿನಲ್ಲಿ. ಕುರಿಯದ್ದಾದರೆ ಮೊದಲ ತಿಂಗಳಲ್ಲೇ ಮುಗಿಸಿ.

ಬಿಡಿಸುವಾಗ ಉಳಿದ ಎಲುಬು, ಪೊರೆ, ಕೊಬ್ಬನ್ನು ಅದೇ ಸಂಜೆ ಸಾರಿಗೆ ಹಾಕುತ್ತೇವೆ. ಒಣಖಂಡ ಮಾಡುವ ದಿನ ನಮ್ಮ ಮನೆಯಲ್ಲಿ ಸಾರೂ ಆಗುತ್ತದೆ, ಮಕ್ಕಳು ಕಾಯುವುದು ಸಾರಿಗೇ. ಒಣಖಂಡವನ್ನು ಕೆಂಡದ ಮೇಲೆ ಸುಟ್ಟು ಒರಳಿನಲ್ಲಿ ಕುಟ್ಟಿದರೆ ಜೋಳದ ರೊಟ್ಟಿಗೆ ಚಟ್ನಿ. ತೊಗರಿಬೇಳೆಯ ಜೊತೆಗೂ ಬೇಯುತ್ತದೆ. ಪುಂಡಿಪಲ್ಯಕ್ಕೆ ಹಾಕುವುದಾದರೆ ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿ, ಆ ನೀರು ಚೆಲ್ಲಿ, ಪಲ್ಯ ಕುದಿ ಬಂದ ಮೇಲೆ ರುಚಿ ನೋಡಿ ಉಪ್ಪು ಹಾಕಿ. ಬಹಳ ಸಲ ಹಾಕುವ ಕೆಲಸವೇ ಬೀಳುವುದಿಲ್ಲ.